ಹಗಲಿನ ಬಿಸಿಲನ್ನು ಎಲ್ಲಿ ಕೂಡಿಡೋಣ? ಶರಾವತಿ ಪಂಪ್ಡ್ ಸ್ಟೋರೇಜ್ ಚರ್ಚೆ

ನಿವೃತ್ತ ಎಂಜಿನಿಯರ್:
ಕಲ್ಲಿದ್ದಲು ಬಿಡಬೇಕೆನ್ನುವವರು ಸಂಜೆಯ ಲೆಕ್ಕಕ್ಕೆ ಉತ್ತರ ಕೊಡಬೇಕಾಗುತ್ತದೆ. ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕು ಹೊತ್ತು ಮುಳುಗುತ್ತಲೇ ಸೊನ್ನೆಗೆ ಇಳಿಯುತ್ತದೆ; ಅದೇ ಹೊತ್ತಿಗೆ ಮನೆಮನೆಯಲ್ಲೂ ದೀಪ ಹತ್ತಿ ಬೇಡಿಕೆ ಏರುತ್ತದೆ, ಆ ಕೊರತೆಯನ್ನು ರಾಯಚೂರು, ಬಳ್ಳಾರಿಯ ಸ್ಥಾವರಗಳು ತುಂಬುತ್ತವೆ. ಆದ್ದರಿಂದಲೇ ನಾನು ಶರಾವತಿ ಯೋಜನೆಯ ಪರ. ಮೇಲೆ ತಲಕಳಲೆ, ಕೆಳಗೆ ಗೇರುಸೊಪ್ಪ, ಎರಡೂ ಜಲಾಶಯಗಳು ಈಗಾಗಲೇ ಇವೆ. ಹಗಲಿನ ಹೆಚ್ಚುವರಿ ವಿದ್ಯುತ್ತಿನಿಂದ ನೀರನ್ನು ಮೇಲಕ್ಕೆತ್ತಿ ಸಂಜೆ ಸುರಂಗದಲ್ಲಿ ಇಳಿಸಿದರೆ 2,000 ಮೆಗಾವ್ಯಾಟ್ ಸಿಗುತ್ತದೆ. ಹೊಸ ಅಣೆಕಟ್ಟು ಬೇಕಿಲ್ಲ.

ಮಲೆನಾಡಿನವಳು:
ಅಣೆಕಟ್ಟು ಹಳೆಯದೇ, ಆದರೆ ಸುರಂಗದ ಬಾಯಿಗೆ ಹೋಗುವ ರಸ್ತೆ, ಅಗೆದ ಕಲ್ಲುಮಣ್ಣು ಸುರಿಯುವ ಜಾಗ, ಪ್ರಸರಣ ಮಾರ್ಗ ಎಲ್ಲವೂ ಹೊಸವು, ಮತ್ತು ಅವು ಬರುವುದು 2019ರಲ್ಲಿ ಸಿಂಗಳೀಕಗಳಿಗಾಗಿಯೇ ಘೋಷಿಸಿದ ಅಭಯಾರಣ್ಯಕ್ಕೆ. ಸಿಂಗಳೀಕ ಸುಲಭಕ್ಕೆ ನೆಲಕ್ಕಿಳಿಯುವ ಪ್ರಾಣಿಯಲ್ಲ. ಮರದ ನೆತ್ತಿಯಲ್ಲೇ ಕೊಂಬೆಯಿಂದ ಕೊಂಬೆಗೆ ಸಾಗುವ ಹಿಂಡಿಗೆ ಒಂದು ಅಗಲ ರಸ್ತೆಯೇ ಗೋಡೆಯಾಗುತ್ತದೆ. ಲಿಂಗನಮಕ್ಕಿಯಲ್ಲಿ ಮುಳುಗಿದ ಊರುಗಳ ಮೊಮ್ಮಕ್ಕಳು ಇಂದಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿರುವ ಸೀಮೆ ಇದು. ನಾಡಿಗೆ ಬೆಳಕು ಬೇಕೆಂದಾಗಲೆಲ್ಲ ಇದೇ ಕಣಿವೆಯ ಮುಂದೆ ಕೈಯೊಡ್ಡುವುದು ನ್ಯಾಯವೇ? ಸಾಲದ್ದಕ್ಕೆ, ನೀರೆತ್ತಲು ನೂರು ಯೂನಿಟ್ ಸುರಿದರೆ ಮರಳಿ ಬರುವುದು ಎಂಬತ್ತರ ಆಸುಪಾಸು.

ಗ್ರಿಡ್ ವಿದ್ಯಾರ್ಥಿ:
ಬ್ಯಾಟರಿಯಲ್ಲೂ ಒಂದಿಷ್ಟು ಸೋರಿಕೆ ಇದ್ದೇ ಇರುತ್ತದೆ, ಆದ್ದರಿಂದ ಆ ಒಂದು ವಾದವನ್ನು ನಾನು ಎತ್ತುವುದಿಲ್ಲ. ಆದರೆ ಬೆಲೆಯ ಮಾತು ಬೇರೆ. 2022ರ ದೊಡ್ಡ ಟೆಂಡರಿನಲ್ಲಿ ಬ್ಯಾಟರಿ ಸಂಗ್ರಹಕ್ಕೆ ಮೆಗಾವ್ಯಾಟಿಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಾಟಿದ್ದ ಬಾಡಿಗೆ, 2024ರ ಕೊನೆಗೆ 3 ಲಕ್ಷಕ್ಕಿಂತ ಕೆಳಗೆ ಬಂದಿದೆ. ಬ್ಯಾಟರಿಯನ್ನು ಪಾವಗಡದ ಉಪಕೇಂದ್ರದ ಪಕ್ಕದಲ್ಲೇ ಇಡಬಹುದು, ಒಂದೆರಡು ವರ್ಷದಲ್ಲಿ ಮುಗಿಸಬಹುದು. ಸುರಂಗ ಕೊರೆಯಲು ಅದರ ಹಲವು ಪಟ್ಟು ಕಾಲ ಬೇಕು.

ನಿವೃತ್ತ ಎಂಜಿನಿಯರ್:
ಬೆಲೆ ಇಳಿದದ್ದು ನಿಜ, ಆದರೆ ನೀವು ಹೇಳಿದ್ದು ಎರಡು ಗಂಟೆಯ ಬ್ಯಾಟರಿಯ ದರ. ಸಂಜೆಯಿಂದ ನಡುರಾತ್ರಿಯವರೆಗೆ ದಾಟಿಸಬೇಕಾದರೆ ಅದರ ಮೂರು ಪಟ್ಟು ಬೇಕು, ಮತ್ತು ಹತ್ತು ಹದಿನೈದು ವರ್ಷಕ್ಕೆ ಮತ್ತೆ ಕೊಳ್ಳಬೇಕು. ನೀರಿನ ಯಂತ್ರ ಎರಡು ತಲೆಮಾರು ದುಡಿಯುತ್ತದೆ.

ಶಿರಾ ಕಡೆಯ ರೈತ:
ಎಲ್ಲಿ ಕೂಡಿಡುವುದೆಂದು ಕೇಳುವ ಮೊದಲು ಎಷ್ಟು ಕೂಡಿಡಬೇಕೆಂದು ಕೇಳಿ. ರಾಜ್ಯದ ವಿದ್ಯುತ್ತಿನಲ್ಲಿ ಮೂರನೇ ಒಂದು ಪಾಲಿನಷ್ಟು ಪಂಪ್‌ಸೆಟ್‌ಗಳಿಗೇ ಹೋಗುತ್ತದೆ. ನನ್ನ ಅಡಿಕೆ ತೋಟಕ್ಕೆ ಎಷ್ಟೋ ವರ್ಷ ತ್ರೀ ಫೇಸ್ ಬಂದದ್ದು ರಾತ್ರಿ; ಕೈಯಲ್ಲಿ ಟಾರ್ಚು ಹಿಡಿದು, ಹಾವಿಗೆ ಹೆದರಿ ಹೆಜ್ಜೆ ಕುಟ್ಟುತ್ತಾ ಹೋಗಿ ಸ್ಟಾರ್ಟರ್ ಒತ್ತುತ್ತಿದ್ದೆ. ಈಗ ನಮ್ಮ ಫೀಡರಿಗೆ, ಅಂದರೆ ಉಪಕೇಂದ್ರದಿಂದ ನಮ್ಮ ಪಂಪ್‌ಸೆಟ್‌ಗಳಿಗೆ ಬರುವ ವಿದ್ಯುತ್ ಮಾರ್ಗಕ್ಕೆ, ಹಗಲು ಕೊಡುತ್ತಾರೆ. ಗಿಡಕ್ಕೆ ನೀರು ಹಗಲು ಬಿದ್ದರೂ ಒಂದೇ, ರಾತ್ರಿ ಬಿದ್ದರೂ ಒಂದೇ. ಪ್ರತಿ ಫೀಡರನ್ನೂ ಪಂಪ್‌ಸೆಟ್‌ಗಳಿಗೆ ಸೌರ ವಿದ್ಯುತ್ ಕೊಡುವ ಕೇಂದ್ರದ ಕುಸುಮ್ ಯೋಜನೆಯಲ್ಲಿ ಸೌರಕ್ಕೆ ಜೋಡಿಸಿದರೆ ಇಷ್ಟು ಬೇಡಿಕೆ ಬಿಸಿಲಿನ ಹೊತ್ತಿಗೇ ಸರಿಯುತ್ತದೆ, ಕೂಡಿಡುವ ಪ್ರಮೇಯವೇ ಬರುವುದಿಲ್ಲ.

ಮಲೆನಾಡಿನವಳು:
ನಾನು ಕೇಳುತ್ತಿರುವುದೂ ಇದೇ ಕ್ರಮವನ್ನು. ಮೊದಲು ಫೀಡರ್, ಆಮೇಲೆ ಬ್ಯಾಟರಿ, ಅದಕ್ಕೂ ಮೀರಿ ಉಳಿದರೆ ಆಂಧ್ರದ ಪಿನ್ನಾಪುರಂನಲ್ಲಿ ಮಾಡಿದಂತೆ ಹರಿವ ನದಿಗೆ ಕೈಹಾಕದೆ ಬಂಡೆಗುಡ್ಡದ ಮೇಲೆ ಕಟ್ಟಬಹುದಾದ ಜಾಗ. ಅಲ್ಲಿಯದು 1,680 ಮೆಗಾವ್ಯಾಟ್.

ನಿವೃತ್ತ ಎಂಜಿನಿಯರ್:
ಫೀಡರಿನ ಮಾತನ್ನು ಪೂರ್ತಿ ಒಪ್ಪುತ್ತೇನೆ. ಪಂಪ್‌ಸೆಟ್ ಹಗಲಿಗೆ ಸರಿದ ಮೇಲೆ ಸಂಜೆಯ ಕೊರತೆ ಎಷ್ಟು ಉಳಿಯುತ್ತದೆ ಎಂಬ ಗಂಟೆಗಂಟೆಯ ಲೆಕ್ಕವನ್ನು ಸರ್ಕಾರ ಜನರ ಮುಂದಿಡಲಿ. ಅದಕ್ಕೂ ಮೊದಲು ಕಾಡಿಗೆ ಯಂತ್ರ ಇಳಿಸಬಾರದು ಎಂಬಲ್ಲಿ ನಾನೂ ನಿಮ್ಮ ಜೊತೆಗಿದ್ದೇನೆ.