ಒಟ್ಟಾವಾದ ಚಳಿಗಾಲದಲ್ಲಿ ಎರಡು ವರ್ಷದ ಮಗುವಿಗೆ ಆಟ, ಓಡಾಟ ಒದಗಿಸುವುದು ಹೇಗೆ?

ಪ್ರಶ್ನೆ: ಮೈಸೂರಿನಿಂದ ಬಂದ ತಾಯಿ

ಎಲ್ಲರಿಗೂ ನಮಸ್ಕಾರ. ಕಳೆದ ಜುಲೈನಲ್ಲಿ ನಾವು ಮೈಸೂರಿನಿಂದ ಕೆನಡಾದ ಒಟ್ಟಾವಾಕ್ಕೆ ಬಂದೆವು. ಮಗನಿಗೆ ಈಗ ಎರಡು ವರ್ಷ ಎರಡು ತಿಂಗಳು. ಅಕ್ಟೋಬರ್ ಮುಗಿಯುವವರೆಗೂ ದಿನಕ್ಕೆರಡು ಬಾರಿ ಹತ್ತಿರದ ಉದ್ಯಾನಕ್ಕೆ ಕರೆದುಕೊಂಡು ಹೋಗುತ್ತಿದ್ದುದರಿಂದ ಅವನ ಊಟವೂ ನಿದ್ರೆಯೂ ಸರಿಯಾಗಿದ್ದವು. ಡಿಸೆಂಬರ್ ಬಂದ ಮೇಲೆ ಎಲ್ಲವೂ ತಲೆಕೆಳಗಾಗಿದೆ. ಸಂಜೆ 4.20ಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಹೊರಗೆ ಹೋಗಬೇಕೆಂದರೆ ಪ್ಯಾಂಟು, ಜಾಕೆಟ್ಟು, ಬೂಟು, ಟೋಪಿ ಎಂದು ಅರ್ಧ ಗಂಟೆ ಬೇಕು. ಅಷ್ಟರಲ್ಲಿ ಅವನು ಅತ್ತು ಬೆವರಿರುತ್ತಾನೆ, ನನಗೂ ಅಳು ಬಂದಿರುತ್ತದೆ.

ನಮ್ಮದು ಎಂಟನೇ ಮಹಡಿಯ ಎರಡು ಕೋಣೆಯ ಮನೆ. ಅವನು ಸೋಫಾದಿಂದ ಕೆಳಗೆ ಹಾರುವ ಸದ್ದು ಕೆಳಗಿನ ಮನೆಯವರಿಗೆ ಕೇಳುತ್ತದೆಂದು ಅವರು ಎರಡು ಬಾರಿ ಬಂದು ಹೇಳಿದ್ದಾರೆ. ಅವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ಆದರೆ ಅವನನ್ನು ಸುಮ್ಮನೆ ಕೂರಿಸಲು ನನಗೆ ಉಳಿದಿರುವ ದಾರಿ ಮೊಬೈಲ್ ಒಂದೇ ಆಗಿದ್ದು, ನವೆಂಬರ್‌ನಲ್ಲಿ ಅರ್ಧ ಗಂಟೆಯಿದ್ದದ್ದು ಈಗ ದಿನಕ್ಕೆ ಮೂರು ಗಂಟೆಗೆ ಬಂದು ನಿಂತಿದೆ. ರಾತ್ರಿ ಹನ್ನೊಂದಾದರೂ ಅವನಿಗೆ ನಿದ್ರೆ ಬರುವುದಿಲ್ಲ. ಹೊರಗೆ ಕರೆದುಕೊಂಡು ಹೋದರೆ ಮಗುವಿಗೆ ಶೀತವಾಗುತ್ತದೆ ಎಂದು ಅತ್ತೆಯವರು ಮೈಸೂರಿನಿಂದ ಪ್ರತಿದಿನ ಎಚ್ಚರಿಸುತ್ತಾರೆ. ಎಷ್ಟು ಚಳಿಯವರೆಗೆ ಹೊರಗೆ ಕರೆದೊಯ್ಯಬಹುದು? ಸದ್ದಾಗದಂತೆ ಮನೆಯೊಳಗೆ ಏನು ಆಡಿಸಬಹುದು? ಮೊಬೈಲನ್ನು ಹೇಗೆ ತಗ್ಗಿಸುವುದು? ಈ ಊರಿನಲ್ಲಿ ಮಕ್ಕಳನ್ನು ಬೆಳೆಸಿದವರು ದಯವಿಟ್ಟು ತಿಳಿಸಿ.

ಉತ್ತರ: ಒಟ್ಟಾವಾದಲ್ಲಿ ಒಂಬತ್ತು ಚಳಿಗಾಲ ಕಳೆದವಳು

ನಿಮ್ಮ ಮೊದಲ ಪ್ರಶ್ನೆಗೆ ಖಚಿತವಾದ ಉತ್ತರವಿದೆ. ಉಷ್ಣಾಂಶವಾಗಲಿ, ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ಚಳಿಯಾಗಲಿ −27 ಡಿಗ್ರಿಗೆ ಅಥವಾ ಅದಕ್ಕಿಂತ ಕೆಳಕ್ಕೆ ಇಳಿದರೆ ಮಕ್ಕಳನ್ನು ಒಳಗೇ ಇರಿಸಿಕೊಳ್ಳಬೇಕೆಂದು ಕೆನಡಾದ ಮಕ್ಕಳ ವೈದ್ಯರ ಸಂಘ ಹೇಳುತ್ತದೆ. ಇಲ್ಲಿ ಗಾಳಿಯ ಲೆಕ್ಕವೇ ಮುಖ್ಯ. ಉಷ್ಣಮಾಪಕ −15 ತೋರಿಸುತ್ತಿದ್ದರೂ ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿಯಿದ್ದರೆ ಮೈಗೆ ತಟ್ಟುವುದು −26ರ ಚಳಿ. ಆದ್ದರಿಂದ ಹವಾಮಾನದ ಆ್ಯಪ್‌ನಲ್ಲಿ ದೊಡ್ಡ ಅಂಕಿಯ ಪಕ್ಕದಲ್ಲಿ ಕೊಟ್ಟಿರುವ ಈ ಎರಡನೆಯ ಅಂಕಿಯನ್ನೇ ನೋಡಿ. ನನ್ನ ಮಕ್ಕಳು ಚಿಕ್ಕವರಿದ್ದಾಗ −10ರವರೆಗೆ ಅರ್ಧ ಗಂಟೆ, −20ರ ಹತ್ತಿರವಾದರೆ ಹತ್ತು ನಿಮಿಷ ಎಂದು ನಾನೇ ಲೆಕ್ಕ ಹಾಕಿಕೊಂಡಿದ್ದೆ. ನಡುನಡುವೆ ಮೂಗಿನ ತುದಿ, ಕೆನ್ನೆ, ಕಿವಿಗಳನ್ನು ನೋಡುತ್ತಿರಬೇಕು. ಚರ್ಮ ಬಿಳಿಚಿಕೊಂಡಿದ್ದರೆ ತಕ್ಷಣ ಒಳಗೆ ಕರೆತಂದು ನಿಮ್ಮ ಬೆಚ್ಚಗಿನ ಅಂಗೈಯನ್ನು ಅದರ ಮೇಲಿಡಿ, ಉಜ್ಜಬೇಡಿ.

ಬಟ್ಟೆ ತೊಡಿಸುವ ಕ್ರಮವನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನನ್ನ ಮೊದಲ ಚಳಿಗಾಲ ಹಾಳಾದದ್ದೇ ಅಲ್ಲಿ. ಮೈಗೆ ತಾಗುವ ಬಟ್ಟೆ ಹತ್ತಿಯದಾಗಬಾರದು. ಹತ್ತಿ ಬೆವರನ್ನು ಹೀರಿಕೊಂಡು ಒದ್ದೆಯಾಗಿಯೇ ಉಳಿಯುತ್ತದೆ, ಆ ಒದ್ದೆ ಮೈಯನ್ನು ತಣ್ಣಗಾಗಿಸುತ್ತದೆ. ಉಣ್ಣೆಯ ಅಥವಾ ಪಾಲಿಯೆಸ್ಟರಿನ ತೆಳು ಅಂಗಿ, ಅದರ ಮೇಲೊಂದು ಫ್ಲೀಸ್ (ಮೆತ್ತನೆಯ ಬೆಚ್ಚಗಿನ ಅಂಗಿ), ಎಲ್ಲಕ್ಕಿಂತ ಹೊರಗೆ ನೀರು ತಡೆಯುವ ಜಾಕೆಟ್ಟು ಮತ್ತು ಸ್ನೋ ಪ್ಯಾಂಟ್ ಇದ್ದರೆ ಸಾಕು. ಮೊದಲು ನೀವು ಸಿದ್ಧರಾಗಿ ಬಾಗಿಲ ಬಳಿ ನಿಂತು, ಕೊನೆಯಲ್ಲಿ ಅವನಿಗೆ ತೊಡಿಸಿ; ಆಗ ಅವನು ಬೆವರುವಷ್ಟು ಹೊತ್ತು ಒಳಗಿರುವುದಿಲ್ಲ. ಐದು ಬೆರಳಿನ ಕೈಗವಸನ್ನು ಈ ವಯಸ್ಸಿನ ಮಗುವಿಗೆ ತೊಡಿಸಲು ಹೋಗಬೇಡಿ. ಹೆಬ್ಬೆರಳು ಮಾತ್ರ ಬೇರೆಯಾಗಿರುವ ಮಿಟನ್ ತಂದು, ಜಾಕೆಟ್ಟಿಗಿಂತ ಮೊದಲೇ ಅದನ್ನು ಹಾಕಿ, ಜಾಕೆಟ್ಟಿನ ತೋಳು ಅದರ ಮೇಲೆ ಬರುವಂತೆ ಮಾಡಿದರೆ ಮಗು ಕಿತ್ತೆಸೆಯಲಾರದು, ಮಣಿಕಟ್ಟಿನೊಳಕ್ಕೆ ಹಿಮವೂ ನುಗ್ಗದು. ಉದ್ದನೆಯ ಮಫ್ಲರ್ ಆಡುವಾಗ ಸಿಕ್ಕಿಕೊಂಡು ಕುತ್ತಿಗೆ ಬಿಗಿಯಬಹುದಾದ್ದರಿಂದ ಬಳೆಯಾಕಾರದ ಕುತ್ತಿಗೆ ಪಟ್ಟಿಯೇ ಸುರಕ್ಷಿತ. ಇನ್ನೊಂದು ಮಾತು: ದಪ್ಪ ಜಾಕೆಟ್ಟಿನ ಮೇಲೆ ಕಾರಿನ ಸೀಟಿನ ಬೆಲ್ಟನ್ನು ಎಂದೂ ಹಾಕಬೇಡಿ. ಅಪಘಾತವಾದರೆ ಜಾಕೆಟ್ಟು ಒಳಕ್ಕೆ ಕುಗ್ಗಿ ಬೆಲ್ಟು ಸಡಿಲವಾಗುತ್ತದೆ. ಫ್ಲೀಸಿನ ಮೇಲೆ ಬೆಲ್ಟು ಬಿಗಿದು, ಆಮೇಲೆ ಕಂಬಳಿ ಹೊದಿಸಿ.

ಹೊರಗೆ ಹೋದ ಮೇಲೆ ಆಟಿಕೆಗಳು ಬೇಕಿಲ್ಲ. ನಾನು ಪ್ಲಾಸ್ಟಿಕ್ಕಿನ ಮೈಕ್ರೋವೇವ್ ಇಡ್ಲಿ ತಟ್ಟೆ ಮತ್ತು ಒಂದು ಮರದ ಸೌಟು ಒಯ್ಯುತ್ತಿದ್ದೆ. ಹಿಮವನ್ನು ತುಂಬಿ, ಒತ್ತಿ, ಮಗುಚಿ, ಬೆಂಚಿನ ಮೇಲೆ ಇಡ್ಲಿಗಳ ಸಾಲು ಮಾಡುವುದರಲ್ಲಿ ನನ್ನ ಮಗಳು ಎರಡು ಚಳಿಗಾಲ ಕಳೆದಳು. ಅರಿಶಿನದ ನೀರನ್ನು ಒಂದು ಸ್ಪ್ರೇ ಬಾಟಲಿಯಲ್ಲಿ ತುಂಬಿ ಕೊಟ್ಟರೆ ಹಿಮದ ಮೇಲೆ ಹಳದಿ ಬಣ್ಣ ಹಚ್ಚುತ್ತಾ ನಡೆಯುತ್ತಾರೆ. ಸ್ಟೀಲಿನ ಪಾತ್ರೆ ಮಾತ್ರ ಬೇಡ. ಕೊರೆಯುವ ಲೋಹಕ್ಕೆ ನಾಲಿಗೆ ತಾಗಿದರೆ ಅಂಟಿಕೊಳ್ಳುತ್ತದೆ.

ಉತ್ತರ: ಶಿಶುಪಾಲನಾ ಕೇಂದ್ರದಲ್ಲಿ ಕೆಲಸ ಮಾಡುವವಳು

ಮನೆಯೊಳಗಿನ ಸಂಗತಿಯನ್ನು ನಾನು ಹೇಳುತ್ತೇನೆ. ಒಂದರಿಂದ ಎರಡು ವರ್ಷ ವಯಸ್ಸಿನ ಮಕ್ಕಳ ಮೈ ದಿನಕ್ಕೆ ಕನಿಷ್ಠ 180 ನಿಮಿಷ ಚಲನೆಯಲ್ಲಿರಬೇಕು, ಅವರನ್ನು ಸ್ಟ್ರಾಲರ್‌ನಲ್ಲಾಗಲಿ ಕುರ್ಚಿಯಲ್ಲಾಗಲಿ ಒಂದೇ ಸಲಕ್ಕೆ ಒಂದು ಗಂಟೆಗಿಂತ ಹೆಚ್ಚು ಕಟ್ಟಿ ಕೂರಿಸಬಾರದು, ಎರಡು ವರ್ಷದ ಮಗುವಿಗೆ ಪರದೆಯ ಮುಂದಿನ ಸಮಯ ಒಂದು ಗಂಟೆಯನ್ನು ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮೂರು ಗಂಟೆ ಎಂಬುದನ್ನು ಕೇಳಿ ಹೆದರಬೇಡಿ. ಅದು ಒಟ್ಟಿಗೆ ಆಗಬೇಕಿಲ್ಲ. ಹತ್ತು ಹತ್ತು ನಿಮಿಷವಾಗಿ ದಿನವಿಡೀ ಹಂಚಿಹೋಗಬಹುದು, ಮನೆಯೊಳಗಿನ ನಡಿಗೆಯೂ ಅದರಲ್ಲಿ ಸೇರುತ್ತದೆ.

ಕೆಳಮನೆಯವರಿಗೆ ಕೇಳಿಸುವುದು ಹಾರುವ ಮತ್ತು ಓಡುವ ಸದ್ದು. ತಳ್ಳುವುದು, ಎಳೆಯುವುದು, ಹೊರುವುದು, ತೆವಳುವುದು ಇವುಗಳಿಗೆ ಸದ್ದೇ ಇಲ್ಲ, ಆದರೆ ಇವೂ ಮಗುವಿನ ಮೈಯನ್ನು ಚೆನ್ನಾಗಿ ದಣಿಸುತ್ತವೆ. ಬಟ್ಟೆ ಒಗೆಯಲು ಹಾಕುವ ಬುಟ್ಟಿಯಲ್ಲಿ ಎರಡು ಕಿಲೋ ಅಕ್ಕಿಯ ಚೀಲವಿಟ್ಟು, ಬುಟ್ಟಿಯ ಕೆಳಗೆ ಹಳೆಯ ಕಂಬಳಿ ಹಾಸಿ, ಅದನ್ನು ಅಡುಗೆಮನೆಯಿಂದ ಮಲಗುವ ಕೋಣೆಗೆ ತಳ್ಳಿಕೊಂಡು ಹೋಗಲು ಹೇಳಿ. ಅಲ್ಲಿ ಚೀಲದ ಬದಲು ಮಡಚಿದ ಬಟ್ಟೆ ತುಂಬಿ ಹಿಂದಕ್ಕೆ ಕಳುಹಿಸಿ. ಅವನ ಪಾಲಿಗೆ ಇದು ಆಟವೂ ಹೌದು, ಮನೆಯ ಕೆಲಸವೂ ಹೌದು. ಈ ವಯಸ್ಸಿನ ಮಕ್ಕಳು ಆಟಿಕೆಯನ್ನು ಐದು ನಿಮಿಷದಲ್ಲಿ ಬಿಟ್ಟೇಳುತ್ತಾರೆ, ತಾಯಿ ನಿಜವಾಗಿ ಮಾಡುತ್ತಿರುವ ಕೆಲಸದಲ್ಲಿ ಪಾಲು ಸಿಕ್ಕರೆ ಇಪ್ಪತ್ತು ನಿಮಿಷ ನಿಲ್ಲುತ್ತಾರೆ ಎಂಬುದನ್ನು ನಾನು ಹಲವು ವರ್ಷಗಳಿಂದ ಕಾಣುತ್ತಿದ್ದೇನೆ.

ನೆಲಕ್ಕೆ ಬಣ್ಣದ ಟೇಪು ಅಂಟಿಸಿ ನಮ್ಮ ಕೆರೆ-ದಡ ಆಟವನ್ನೂ ಆಡಿಸಬಹುದು. ಎರಡು ವರ್ಷದ ಮಗುವಿಗೆ ಹಾರುವ ಬದಲು ಹೆಜ್ಜೆಯಿಟ್ಟು ಗೆರೆ ದಾಟುವುದೇ ಸಾಕಷ್ಟು ಕಷ್ಟದ ಕೆಲಸ. ‘ಕೆರೆ’ ಎಂದರೆ ಒಳಗೆ, ‘ದಡ’ ಎಂದರೆ ಹೊರಗೆ ಎಂಬುದನ್ನು ಕೇಳಿ, ನೆನಪಿಟ್ಟು, ಮೈಯನ್ನು ತಡೆದು ನಿಲ್ಲಿಸಿಕೊಳ್ಳುವುದನ್ನು ಅವನು ಅಲ್ಲಿ ಕಲಿಯುತ್ತಾನೆ. ಊಟದ ಮೇಜಿಗೆ ಸೀರೆ ಹೊದಿಸಿ ಗುಹೆ ಮಾಡಿ, ಆನೆಯಂತೆ ನಾಲ್ಕು ಕಾಲಿನ ಮೇಲೆ ಅದರೊಳಗೆ ಹೋಗಿ ಬರಲಿ. ನೀವೂ ಒಮ್ಮೆ ಹೋಗಿ ಬನ್ನಿ. ದೊಡ್ಡವರು ನೆಲಕ್ಕಿಳಿದರೆ ಆಟ ಎರಡರಷ್ಟು ಹೊತ್ತು ನಡೆಯುತ್ತದೆ.

ಮೊಬೈಲನ್ನು ಅವನು ಯಾವಾಗ ಕೇಳುತ್ತಾನೆ ಎಂಬುದನ್ನು ಮೂರು ದಿನ ಬರೆದಿಡಿ. ಹೆಚ್ಚಿನ ಮನೆಗಳಲ್ಲಿ ಅದು ಅಡುಗೆಯ ಹೊತ್ತು, ಅಂದರೆ ಕತ್ತಲಾದ ಮೇಲಿನ ಒಂದೂವರೆ ಗಂಟೆ. ಬೆಳಗಿನ ಸ್ನಾನವನ್ನು ಸಂಜೆ ಐದಕ್ಕೆ ಬದಲಿಸಿ, ಟಬ್ಬಿನಲ್ಲಿ ಲೋಟ, ಜರಡಿ, ಚಮಚಗಳನ್ನು ಕೊಟ್ಟರೆ ಅರ್ಧ ಗಂಟೆ ಕಳೆಯುತ್ತದೆ. ಆ ಹೊತ್ತಿನಲ್ಲಿ ಮನೆಯಲ್ಲಿರುವ ಇನ್ನೊಬ್ಬರು ಅವನ ಪಕ್ಕದಲ್ಲೇ ಕೂತಿರಬೇಕು, ಒಂದು ಕ್ಷಣವೂ ಎದ್ದು ಹೋಗಬಾರದು. ಉಳಿದ ಸಮಯಕ್ಕೆ ಒಲೆಯಿಂದ ದೂರ ಅವನಿಗೊಂದು ಜಾಗ ಮಾಡಿ ಚಪಾತಿ ಹಿಟ್ಟಿನ ಉಂಡೆ, ಚಿಕ್ಕ ಮಣೆ, ಲಟ್ಟಣಿಗೆ ಕೊಡಿ. ಕೊತ್ತಂಬರಿ ಸೊಪ್ಪಿನ ಎಲೆ ಬಿಡಿಸಲಿ, ಆಲೂಗಡ್ಡೆ ತೊಳೆಯಲಿ. ಮೊದಲ ಮೂರು ನಾಲ್ಕು ದಿನ ಮೊಬೈಲಿಗಾಗಿ ಅಳುತ್ತಾನೆ. ಆಗ ಅವನನ್ನು ಎತ್ತಿಕೊಳ್ಳಿ, ಆದರೆ ಮೊಬೈಲ್ ಕೊಡಬೇಡಿ.

ನಮ್ಮವರ ಮನೆಗಳಲ್ಲಿ ಮಾತ್ರ ಕಾಣುವ ಒಂದು ಅಪಾಯವನ್ನೂ ಹೇಳಬೇಕು. ಅಳಗುಳಿ ಮಣೆಯ ಹುಣಸೆ ಬೀಜ, ಕಡಲೆಕಾಳು, ಕವಡೆಗಳನ್ನು ಮೂರು ವರ್ಷದೊಳಗಿನ ಮಗುವಿನ ಕೈಗೆ ಕೊಡಬೇಡಿ. ಸಂಕ್ರಾಂತಿಯ ಎಳ್ಳುಬೆಲ್ಲದಲ್ಲಿರುವ ಇಡೀ ಕಡಲೆಬೀಜವೂ ಗಟ್ಟಿ ಕೊಬ್ಬರಿ ಚೂರೂ ಉಸಿರುನಾಳಕ್ಕೆ ಸಿಕ್ಕಿಕೊಳ್ಳುವಂಥವು. ಅವನಿಗೆ ಪುಡಿ ಮಾಡಿದ್ದನ್ನೇ ಕೊಡಿ.

ಹಾರಲು, ಕೂಗಲು ಜಾಗ ಬೇಕಾದಾಗ ಅರ್ಲಿಆನ್ ಕೇಂದ್ರಗಳಿಗೆ ಹೋಗಿ. ಆಂಟೇರಿಯೊ ಪ್ರಾಂತ್ಯದಲ್ಲೆಲ್ಲ ಇರುವ ಇವು ಆರು ವರ್ಷದವರೆಗಿನ ಮಕ್ಕಳಿಗೂ ಜೊತೆಗೆ ಬರುವ ದೊಡ್ಡವರಿಗೂ ಉಚಿತ.

ಉತ್ತರ: ಮೈಸೂರಿನ ಅಜ್ಜಿ

ಮಗಳೇ, ನಾನು ಮಗನ ಮನೆಗೆಂದು ಅದೇ ಊರಿಗೆ ಬಂದು ಒಂದು ಚಳಿಗಾಲ ಕಳೆದಿದ್ದೇನೆ, ಆದ್ದರಿಂದ ನಿಮ್ಮ ಅತ್ತೆಯವರ ಭಯ ನನಗೆ ಅರ್ಥವಾಗುತ್ತದೆ. ಡಿಸೆಂಬರಿನಲ್ಲಿ ಮೈಸೂರಿನ ಬೆಳಗು 16 ಡಿಗ್ರಿಗೆ ಇಳಿದರೆ ನಾವು ಮಗುವಿಗೆ ಕುಲಾವಿ ಕಟ್ಟುವವರು. ಹಿಮದ ನಡುವೆ ಮೊಮ್ಮಗಳನ್ನು ಇಳಿಸಿದ ದಿನ ನಾನು ಕಿಟಕಿಯ ಬಳಿ ನಿಂತು ದೇವರನ್ನು ನೆನೆಯುತ್ತಿದ್ದೆ. ಶೀತ ತರುವುದು ವೈರಾಣು, ಅದು ಮುಚ್ಚಿದ ಕೋಣೆಯಲ್ಲಿ ಒಬ್ಬರಿಂದೊಬ್ಬರಿಗೆ ಹೆಚ್ಚು ಸುಲಭವಾಗಿ ದಾಟುತ್ತದೆ ಎಂದು ಅಲ್ಲಿನ ವೈದ್ಯರು ಸಮಾಧಾನವಾಗಿ ಕೂರಿಸಿ ಹೇಳಿದ ಮೇಲೆಯೇ ನನ್ನ ಮನಸ್ಸು ಒಪ್ಪಿದ್ದು. ನಿಮ್ಮ ಅತ್ತೆಯವರಿಗೂ ಸೊಸೆ ಹೇಳುವುದಕ್ಕಿಂತ ವೈದ್ಯರು ಹೇಳಿದರೆಂದು ಅವರ ಮಗನೇ ಹೇಳಿದರೆ ಒಳ್ಳೆಯದು.

ಅವರನ್ನು ದೂರವಿಡಬೇಡಿ, ಕೆಲಸ ಕೊಡಿ. ನಿಮ್ಮಲ್ಲಿ ಬೆಳಿಗ್ಗೆ ಏಳಾದಾಗ ನಮ್ಮಲ್ಲಿ ಸಂಜೆ ಐದೂವರೆ. ವಿಡಿಯೊ ಕರೆಯಲ್ಲಿ ನಾನು ಮೊಮ್ಮಗಳಿಗೆ ‘ಕೆಂಪು ವಸ್ತು ಒಂದನ್ನು ತಂದು ತೋರಿಸು’, ‘ಅಪ್ಪನ ಚಪ್ಪಲಿ ಹುಡುಕಿ ತಾ’, ‘ದಿಂಬನ್ನು ಹೊತ್ತು ಬಾ’ ಎಂದು ಹೇಳುತ್ತಿರುತ್ತೇನೆ. ಅವಳು ಅರ್ಧ ಗಂಟೆ ಮನೆಯೆಲ್ಲ ಓಡಾಡುತ್ತಾಳೆ, ಅಷ್ಟು ಹೊತ್ತು ಕನ್ನಡವನ್ನೂ ಕೇಳುತ್ತಾಳೆ. ಮೊಬೈಲನ್ನು ಅವಳ ಕೈಗೆ ಕೊಡದೆ ಕಪಾಟಿನ ಮೇಲೆ ನಿಲ್ಲಿಸಿರಬೇಕು, ಅಷ್ಟೆ. ಸಂಜೆ ಅಪ್ಪ ಬಂದ ಮೇಲೆ ಕೂಸುಮರಿ ಆಡಿಸಲಿ. ಮಗು ಬೆನ್ನ ಮೇಲೆ ಬಿಗಿಯಾಗಿ ಹಿಡಿದು ಕೂರುವುದರಲ್ಲೂ ಮೈಗೆ ಶ್ರಮವಿದೆ.

ಉತ್ತರ: ಇಬ್ಬರು ಮಕ್ಕಳ ತಂದೆ

ಮೊದಲ ಉತ್ತರದ ಹೆಚ್ಚಿನ ಮಾತುಗಳನ್ನು ಒಪ್ಪುತ್ತೇನೆ. ಆದರೆ ಹೊರಗೆ ಹೋಗಲೇಬೇಕೆಂಬ ಹಟದಿಂದ ತಾಯಿಯೇ ದಣಿದುಹೋದರೆ ಪ್ರಯೋಜನವಿಲ್ಲ. ಆಗದ ದಿನ ಅಂಗಡಿಗಳು ಇನ್ನೂ ತೆರೆಯದ ಬೆಳಗಿನ ಹೊತ್ತಿನಲ್ಲಿ ಮಾಲ್‌ನ ಉದ್ದನೆಯ ಮೊಗಸಾಲೆಯಲ್ಲಿ ಮಗುವನ್ನು ನಡೆಯಲು ಬಿಡಿ, ಇಲ್ಲವೇ ಗ್ರಂಥಾಲಯದ ಕಥಾ ಸಮಯಕ್ಕೆ ಕರೆದೊಯ್ಯಿರಿ. ರಜಾದಿನಗಳಲ್ಲಿ ನದಿಯಾಚೆ ಗ್ಯಾಟಿನೋದಲ್ಲಿರುವ ಇತಿಹಾಸ ವಸ್ತುಸಂಗ್ರಹಾಲಯದೊಳಗಿನ ಮಕ್ಕಳ ವಿಭಾಗ ಚೆನ್ನಾಗಿದೆ. ರಿಡೋ ಕಾಲುವೆ ಹೆಪ್ಪುಗಟ್ಟಿ ತೆರೆದರೆ ಅದರ 7.8 ಕಿಲೋಮೀಟರ್ ಉದ್ದದ ಮಂಜಿನ ಹಾದಿಯಲ್ಲಿ ಮಗುವನ್ನು ಜಾರುಬಂಡಿಯಲ್ಲಿ ಎಳೆದುಕೊಂಡು ಹೋಗಬಹುದು; ಅದನ್ನೇ ನೆಚ್ಚಿಕೊಂಡಿರಬೇಡಿ, 2023ರ ಚಳಿಗಾಲದಲ್ಲಿ ಅದು ಒಂದು ದಿನವೂ ತೆರೆಯಲಿಲ್ಲ.

ಬಿಸಿಲಿನ ವಿಷಯವನ್ನು ಯಾರೂ ಹೇಳಿಲ್ಲ. ಒಟ್ಟಾವಾ ಇರುವುದು 45 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿನ ಚಳಿಗಾಲದ ಓರೆ ಬಿಸಿಲಿನಲ್ಲಿ ಎಷ್ಟು ಹೊತ್ತು ಆಡಿದರೂ ಚರ್ಮ ವಿಟಮಿನ್ ಡಿಯನ್ನು ಹೆಚ್ಚೇನೂ ತಯಾರಿಸಲಾರದು, ನಮ್ಮಂಥ ಕಪ್ಪು ಮೈಬಣ್ಣದವರಲ್ಲಿ ಇನ್ನೂ ಕಡಿಮೆ. ಒಂದು ವರ್ಷ ದಾಟಿದ ಮಗುವಿಗೆ ದಿನಕ್ಕೆ 600 ಯೂನಿಟ್ ಬೇಕು. ಇಲ್ಲಿ ಮಾರುವ ಹಸುವಿನ ಹಾಲಿಗೆ ಅದನ್ನು ಬೆರೆಸಿರುತ್ತಾರೆ. ಹಾಲು ಕಡಿಮೆ ಕುಡಿಯುವ ಮಗುವಾದರೆ ಹನಿಗಳ ಬಗ್ಗೆ ವೈದ್ಯರನ್ನು ಕೇಳಿ.

ಪ್ರಶ್ನೆ ಕೇಳಿದವರು, ಎರಡು ವಾರದ ಬಳಿಕ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಮೂರು ದಿನ ಬರೆದಿಟ್ಟು ನೋಡಿದಾಗ ಮೊಬೈಲಿನ ಹೆಚ್ಚಿನ ಪಾಲು ಸಂಜೆ ಐದರಿಂದ ಏಳರ ನಡುವೆಯೇ ಇತ್ತು. ಪತಿ ಕೆಲಸ ಮುಗಿಸಿ ಬಂದೊಡನೆ ಸ್ನಾನ ಮಾಡಿಸುತ್ತಾರೆ, ಆಮೇಲೆ ಅವನು ಚಪಾತಿ ಹಿಟ್ಟಿನೊಂದಿಗೆ ಕೂರುತ್ತಾನೆ. ಐದನೇ ದಿನದವರೆಗೂ ಅತ್ತ. ಆರನೇ ದಿನ ಕೇಳಲಿಲ್ಲ. ಈಗ ದಿನಕ್ಕೆ ನಲವತ್ತು ನಿಮಿಷದೊಳಗೆ ಬಂದಿದೆ, ರಾತ್ರಿ ಒಂಬತ್ತೂವರೆಗೆ ಮಲಗುತ್ತಿದ್ದಾನೆ. ಮಿಟನ್ ಮೊದಲು, ಜಾಕೆಟ್ಟು ಆಮೇಲೆ ಎಂಬ ಒಂದೇ ಬದಲಾವಣೆಯಿಂದ ಹೊರಡುವ ಸಮಯ ಹದಿನೈದು ನಿಮಿಷಕ್ಕೆ ಇಳಿಯಿತು. ಅತ್ತೆಯವರು ಪ್ರತಿದಿನ ಬೆಳಿಗ್ಗೆ ಏಳಕ್ಕೆ ಕರೆ ಮಾಡಿ ಅವನಿಂದ ಒಂದೊಂದು ವಸ್ತು ತರಿಸುತ್ತಾರೆ. ನಿನ್ನೆ ಅವರೇ ‘ಇವತ್ತು ಹಿಮದ ಇಡ್ಲಿ ಮಾಡಿದೆಯಾ’ ಎಂದು ಅವನನ್ನು ಕೇಳಿದರು.

ಇನ್ನೊಂದು ಸಣ್ಣ ಪ್ರಶ್ನೆ: ಅವನ ಸ್ನೋ ಪ್ಯಾಂಟ್ ಈಗಲೇ ಗಿಡ್ಡವಾಗುತ್ತಿದೆ. ಒಂದು ಅಳತೆ ದೊಡ್ಡದನ್ನು ಕೊಂಡು ಕೆಳಗೆ ಮಡಚಿದರೆ ನಡೆಯುವಾಗ ಎಡವುತ್ತಾನೆಯೇ, ಅಥವಾ ಬೂಟಿನ ಮೇಲೆ ಸಿಗಿಸುವ ಪಟ್ಟಿಯಿರುವುದು ಸಿಗುತ್ತದೆಯೇ?