ಅಶ್ವತ್ಥ್ ಅಂದ್ರೆ ಬರೀ ಚಾಮಯ್ಯ ಮೇಷ್ಟ್ರು ಅಷ್ಟೇನಾ?

ಕಾಫಿ_ಬೈಟು:
ಮೊನ್ನೆ ನಾಗರಹಾವು ಮತ್ತೆ ನೋಡಿದೆ. ಮೊದಲು ನೋಡಿದಾಗೆಲ್ಲ ವಿಷ್ಣುವರ್ಧನ್ ಮಾಡಿದ ರಾಮಾಚಾರಿಯನ್ನು ಬಿಟ್ಟು ಬೇರೆ ಯಾರ ಕಡೆಗೂ ಗಮನ ಹೋಗಿರಲಿಲ್ಲ. ಈ ಸಲ ಕಣ್ಣೆಲ್ಲ ಅವನ ಗುರು ಚಾಮಯ್ಯ ಮೇಷ್ಟ್ರ ಮೇಲೇ. ಆ ಪಾತ್ರ ಮಾಡಿದ ಕೆ.ಎಸ್. ಅಶ್ವತ್ಥ್ ಹುಟ್ಟಿದ್ದು 1925ರಲ್ಲಿ, ಸಿನಿಮಾ ಬಂದಿದ್ದು 1972ರಲ್ಲಿ, ಅಂದರೆ ಆಗ ಅವರಿಗೆ 47 ಅಷ್ಟೆ! ಆದರೂ ಇಡೀ ಊರಿಗೆ ಪಾಠ ಹೇಳಿ ಸುಸ್ತಾದ ಹಳೇ ಮೇಷ್ಟ್ರ ಥರಾನೇ ಕಾಣುತ್ತಾರೆ. ಅವರು ಸುಮ್ನೆ ಬಂದು ನಿಂತರೂ ಸಾಕು, ಎಲ್ಲರ ಮೇಲೂ ಬುಸುಗುಟ್ಟುವ ಆ ಹುಡುಗ ತಣ್ಣಗಾಗುತ್ತಾನೆ. ಅದು ವಿಷ್ಣುವರ್ಧನ್ ನಟನೆಯೂ ಹೌದು, ಆದರೆ ಎದುರಿಗೆ ಅಂಥ ಮೇಷ್ಟ್ರು ಇಲ್ಲದಿದ್ದರೆ ನಾವು ಅದನ್ನು ನಂಬುತ್ತಿದ್ದೆವಾ?

ಅವರ ಬೇರೆ ಯಾವ ಪಾತ್ರ ನೋಡಬೇಕು ಹೇಳಿ. ಕಣ್ಣೀರು ಹಾಕುವ ಅಪ್ಪನ ಪಾತ್ರಗಳು ಗೊತ್ತು. ಅದನ್ನು ಬಿಟ್ಟು. ಹಾಗೇ ನಿಮಗೆ ಮರೆಯೋಕಾಗದ ಬೇರೆ ಪೋಷಕ ನಟರಿದ್ದರೂ ಬರೆಯಿರಿ, ಸಿನಿಮಾ ಆಗಲಿ ಸೀರಿಯಲ್ ಆಗಲಿ.

ಗಾಂಧಿನಗರ_ಬಾಲ್ಕನಿ:
ಮೊದಲು ಒಂದು ಜಗಳ ಮುಗಿಸಿಕೊಳ್ಳೋಣ. ಚಾಮಯ್ಯ ಮೇಷ್ಟ್ರು ಒಳ್ಳೆಯವರು ಅಂತ ಎಲ್ಲರೂ ಹೇಳುತ್ತಾರೆ. ನನಗೆ ಹಾಗನ್ನಿಸಲ್ಲ. ಜಾತಿ ಬೇರೆ ಅಂತ, ರಾಮಾಚಾರಿ ಪ್ರೀತಿಸಿದ ಅಲಮೇಲುವನ್ನು ಬಿಡಿಸಿದ್ದು ಅವರೇ. ಆಮೇಲೆ ಆ ಹುಡುಗಿಯ ಬದುಕು ಏನಾಯಿತು ಅಂತ ನಾವೆಲ್ಲ ನೋಡಿದ್ದೇವೆ. ಆಮೇಲೆ ಅವನು ಪ್ರೀತಿಸಿದ ಮಾರ್ಗರೆಟ್ ವಿಷಯದಲ್ಲೂ ಅದೇ ಹಟ. ತನ್ನ ಶಿಷ್ಯ ತನ್ನ ಮಾತು ಮೀರಲ್ಲ ಅನ್ನೋ ನಂಬಿಕೆಯಲ್ಲೇ ಬೆಟ್ಟ ಹತ್ತಿ ಬರುತ್ತಾರೆ, ಅಲ್ಲೇ ಅವನ ಕೈಯಿಂದಲೇ ಸಾಯುತ್ತಾರೆ. ಇದು ಒಳ್ಳೇ ಗುರುವಿನ ಕಥೆ ಅಲ್ಲ. ಪ್ರೀತಿಯಿಂದಲೇ ಒಬ್ಬನನ್ನು ಹಾಳು ಮಾಡಿದ ಗುರುವಿನ ಕಥೆ.

ದುರ್ಗದವ:
@ಗಾಂಧಿನಗರ_ಬಾಲ್ಕನಿ ಒಪ್ಪಿದೆ, ಆದರೆ ಅಶ್ವತ್ಥ್ ದೊಡ್ಡವರಾಗೋದು ಅಲ್ಲೇ ಅಲ್ವಾ? ಪಾತ್ರ ತಪ್ಪು ಮಾಡುತ್ತಿದೆ ಅಂತ ನಟನಿಗೆ ಗೊತ್ತು, ಪಾತ್ರಕ್ಕೆ ಗೊತ್ತಿಲ್ಲ. ಬೇರೆಯವರಾಗಿದ್ದರೆ ಅಲಮೇಲುವನ್ನು ಮರೆತುಬಿಡು ಅನ್ನುವಾಗ ಮುಖದಲ್ಲಿ ಸ್ವಲ್ಪ ಅಪರಾಧದ ಭಾವ ತಂದು, "ನೋಡಿ, ನಾನು ಅಷ್ಟು ಕೆಟ್ಟವನಲ್ಲ" ಅಂತ ನಮ್ಮ ಕಡೆ ತಿರುಗಿ ಅರ್ಜಿ ಹಾಕುತ್ತಿದ್ದರು. ಇವರು ಹಾಕಲ್ಲ. ತಾನು ಮಾಡುತ್ತಿರೋದು ನೂರಕ್ಕೆ ನೂರು ಸರಿ ಅನ್ನೋ ಮನುಷ್ಯನ ಹಾಗೆ, ಮೆತ್ತಗೆ, ಅಕ್ಕರೆಯಿಂದ ಹೇಳುತ್ತಾರೆ. ಅದಕ್ಕೇ ಹುಡುಗನಿಗೆ ಇಲ್ಲ ಅನ್ನೋಕಾಗಲ್ಲ. ಗದರಿದ್ದರೆ ರಾಮಾಚಾರಿ ಕೇಳುತ್ತಲೇ ಇರಲಿಲ್ಲ. ಆ ವರ್ಷ ರಾಜ್ಯ ಪ್ರಶಸ್ತಿಯಲ್ಲಿ ವಿಷ್ಣು, ಆರತಿ, ಶುಭಾ ಜೊತೆ ಪೋಷಕ ನಟ ಪ್ರಶಸ್ತಿ ಅಶ್ವತ್ಥ್‌ಗೆ ಬಂತು. ಕೊಡದೇ ಇದ್ದಿದ್ದರೆ ನಮ್ಮೂರಲ್ಲಿ ಗಲಾಟೆ ಆಗುತ್ತಿತ್ತೇನೋ, ಬಿಡಿ.

ಮತ್ತೆ ಮೇಷ್ಟ್ರ ಹೆಂಡತಿ ತುಂಗಮ್ಮ ಆಗಿದ್ದ ಲೀಲಾವತಿಯವರನ್ನು ಯಾಕೆ ಯಾರೂ ನೆನೆಯಲ್ಲ? ಮಕ್ಕಳಿಲ್ಲದ ಆ ಮನೆಗೆ ಈ ಹುಡುಗ ಬಂದು ಹೋಗೋದೇ ಹಬ್ಬ. ತುಂಗಮ್ಮ ಇಲ್ಲದಿದ್ದರೆ ಮೇಷ್ಟ್ರ ಮನೆ ಬರೀ ಸ್ಕೂಲಿನ ಇನ್ನೊಂದು ರೂಮ್ ಆಗಿಬಿಡುತ್ತಿತ್ತು.

ಮೈಸೂರ್_ಅಜ್ಜಿ:
ಕಣ್ಣೀರಿನ ಅಪ್ಪ ಬೇಡ ಅಂದಿರಲ್ಲ, ಸ್ವರ್ಣಗೌರಿ ನೋಡಿ, 1962ರದ್ದು. ಅದರಲ್ಲಿ ನಾರದ. ನಮ್ಮ ಕಾಲದಲ್ಲಿ ಪೌರಾಣಿಕ ಸಿನಿಮಾದಲ್ಲಿ ಅಶ್ವತ್ಥ್ ಬಂದರೆ ಸಾಕು, ಈಗ ಏನೋ ತಂದಿಡುತ್ತಾರೆ ಅಂತ ನಾವು ಮೊದಲೇ ನಗೋಕೆ ರೆಡಿ. ನಗುಮುಖ, ಚುರುಕು ಕಣ್ಣು. ಚಾಮಯ್ಯ ಮಾಡಿದವರೇ ಇವರು ಅಂತ ಮೊಮ್ಮಕ್ಕಳು ನಂಬಲ್ಲ. ಇನ್ನೊಂದು ಮಾತು. 1955ರಲ್ಲಿ ಸ್ತ್ರೀರತ್ನ ಸಿನಿಮಾಕ್ಕೆ ಬಂದಾಗ ಅವರು ಹೀರೋ. ಆಮೇಲೆ ಸೀದಾ ಅಪ್ಪನ ಪಾತ್ರಕ್ಕೆ ಹೋದರು. ರಾಜಕುಮಾರ್ ಅವರಿಗಿಂತ ಬರೀ ನಾಲ್ಕು ವರ್ಷ ದೊಡ್ಡವರು, ಆದರೂ ತೆರೆ ಮೇಲೆ ಯಾವಾಗಲೂ ಹಿರಿಯರೇ. ಈಗಿನ ಯಾವ ಹೀರೋ ಅಷ್ಟು ಬೇಗ ತಲೆಗೆ ಬಿಳಿ ಬಣ್ಣ ಹಚ್ಚಿಕೊಳ್ಳುತ್ತಾನೆ ಹೇಳಪ್ಪ.

ಅರಸೀಕೆರೆ_ಪ್ಯಾಸೆಂಜರ್:
ಅಜ್ಜಿ ಬರೆದಿದ್ದು ಓದಿ ಖುಷಿಯಾಯಿತು. ನನ್ನ ಕಡೆಯಿಂದ ಟಿ.ಎನ್. ಬಾಲಕೃಷ್ಣ. ಊರಿನ ಅಭಿಮಾನ ಅಂದುಕೊಂಡರೂ ಪರವಾಗಿಲ್ಲ. ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ, ಎದುರಿನವರ ತುಟಿ ನೋಡಿಕೊಂಡು ಡೈಲಾಗ್ ಹಿಡಿಯುತ್ತಿದ್ದರು ಅಂತಾರೆ. ಸಿನಿಮಾ ನೋಡುವಾಗ ಗೊತ್ತಾಗುತ್ತಾ ಹೇಳಿ! ಟೈಮಿಂಗ್ ಒಂದು ಚೂರೂ ತಪ್ಪಲ್ಲ. ಬಂಗಾರದ ಮನುಷ್ಯದ ರಾಚೂಟಪ್ಪ ನೆನಪಿದ್ದಾನಾ? ಅದೇ ಬಾಲಣ್ಣ ಇನ್ನೊಂದು ಸಿನಿಮಾದಲ್ಲಿ ಬಂದರೆ ಪಕ್ಕಾ ಕುತಂತ್ರಿ. ನಗಿಸುವವನೂ ಅವನೇ, ಮನೆ ಮುರಿಯುವವನೂ ಅವನೇ, ಆ ದನಿ ಮಾತ್ರ ಒಂದೇ. ಆ ದನಿಗೆ ಎರಡು ಥರ ಹೆದರಿಕೆ ನನಗೆ ಚಿಕ್ಕಂದಿನಲ್ಲಿ. 1960ರಲ್ಲಿ ರಾಜಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಜೊತೆ ಸೇರಿ ರಣಧೀರ ಕಂಠೀರವ ತೆಗೆದದ್ದೂ ಇವರೇ, ಆಮೇಲೆ ಅಭಿಮಾನ್ ಸ್ಟುಡಿಯೋ ಕಟ್ಟಿದ್ದೂ ಇವರೇ. ಆ ಸ್ಟುಡಿಯೋ ವಿಷಯಕ್ಕೆ ಹೋದರೆ ಇಲ್ಲಿ ಮಾತು ಮುಗಿಯಲ್ಲ, ಅದು ಬೇಡ.

ಸಂಜೆ_ಸೀರಿಯಲ್:
ಸೀರಿಯಲ್ ಅಂದಿರಿ ಅಂತ ಬಂದೆ. ದತ್ತಣ್ಣ, ಅಂದರೆ ನಟ ಎಚ್.ಜಿ. ದತ್ತಾತ್ರೇಯ! ಚಂದನದಲ್ಲಿ ಬರುತ್ತಿದ್ದ ಟಿ.ಎನ್. ಸೀತಾರಾಮ್ ಅವರ ಮಾಯಾಮೃಗದಲ್ಲಿ ನೋಡಿದ್ದೇ ಮೊದಲು. ವಾಯುಸೇನೆಯಲ್ಲಿ ದೊಡ್ಡ ಕೆಲಸದಲ್ಲಿದ್ದವರು ಅಂತ ಆಮೇಲೆ ಗೊತ್ತಾಯಿತು. ತೆರೆ ಮೇಲೆ ನೋಡಿದರೆ ಜೀವನವಿಡೀ ಹಳೇ ಮೈಸೂರು ಕಡೆ ಜಗಲಿ ಮೇಲೆ ಕೂತಿದ್ದವರ ಹಾಗೆ ಇರುತ್ತಾರೆ. ಭಾರತ್ ಸ್ಟೋರ್ಸ್ ಸಿನಿಮಾದ ಅಂಗಡಿ ಶೆಟ್ಟರನ್ನೂ ನೋಡಿ. ಹಾಗೇ ಮಾಲ್ಗುಡಿ ಡೇಸ್‌ನಲ್ಲಿ ಸ್ವಾಮಿಯ ಅಮ್ಮ ಆಗಿದ್ದ ವೈಶಾಲಿ ಕಾಸರವಳ್ಳಿ. ಅಪ್ಪನಾಗಿ ಗಿರೀಶ್ ಕಾರ್ನಾಡರು ಗಟ್ಟಿಯಾಗಿ ಕೂತಿರುತ್ತಾರೆ, ಇವರು ಜಾಸ್ತಿ ಮಾತಿಲ್ಲದೆ ಇಡೀ ಮನೆ ನಡೆಸುತ್ತಾರೆ.

ಕಾಫಿ_ಬೈಟು:
ಎಲ್ಲರಿಗೂ ಥ್ಯಾಂಕ್ಸ್. ಅಜ್ಜಿ, ಈ ಭಾನುವಾರ ಸ್ವರ್ಣಗೌರಿ ಪಕ್ಕಾ. @ದುರ್ಗದವ ಆ "ಅರ್ಜಿ ಹಾಕಲ್ಲ" ಅನ್ನೋದು ಸರಿಯಾಗಿ ಹೇಳಿದಿರಿ, ನನಗೆ ಏನೋ ಅನ್ನಿಸುತ್ತಿತ್ತು, ಏನಂತ ಗೊತ್ತಿರಲಿಲ್ಲ. ಆದರೆ @ಗಾಂಧಿನಗರ_ಬಾಲ್ಕನಿ, ಮೇಷ್ಟ್ರನ್ನು ಪೂರ್ತಿ ಬಿಟ್ಟುಕೊಡೋಕೆ ನಾನು ರೆಡಿ ಇಲ್ಲ ರೀ. ರಾಮಾಚಾರಿಯ ಅಪ್ಪ ಅಮ್ಮ ಏನು ಮಾಡುತ್ತಿದ್ದರು ಅಷ್ಟು ದಿನ?

ಗಾಂಧಿನಗರ_ಬಾಲ್ಕನಿ:
ಅದಕ್ಕೆ ಬೇರೆ ಜಗಳ ಶುರು ಮಾಡಿ, ಬರುತ್ತೇನೆ. ಅಷ್ಟರಲ್ಲಿ ಭೂತಯ್ಯನ ಮಗ ಅಯ್ಯು ಹಾಕಿಕೊಂಡು ಲೋಕನಾಥ್ ಉಪ್ಪಿನಕಾಯಿ ಜಾಡಿಗೆ ಕೈ ಹಾಕೋದನ್ನು ನೋಡಿ. ಊರೆಲ್ಲ ದ್ವೇಷದಲ್ಲಿ ಕುದಿಯುತ್ತಿದ್ದರೆ ಈ ಮನುಷ್ಯನಿಗೆ ನಾಲಿಗೆ ಚಪಲ. ಊಟ ಮಾಡಿಕೊಂಡೇ ನೋಡಿ, ಇಲ್ಲಾಂದ್ರೆ ಕಷ್ಟ.