ಸಹಾಯ ಬೇಕು: ಹಳೆಯ ಬಿಎಂಎಕ್ಸ್ ಗೇಮ್ ಸೇವ್ ಆಗುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಹೋದ ವಾರ ಅಟ್ಟ ಕ್ಲೀನ್ ಮಾಡುವಾಗ ಅಣ್ಣನ ಪ್ಲೇಸ್ಟೇಷನ್ 2 ಸಿಕ್ಕಿತು. ಜೊತೆಗೆ ಒಂದೇ ಒಂದು ಡಿಸ್ಕ್: ‘ಮ್ಯಾಟ್ ಹಾಫ್‌ಮನ್ಸ್ ಪ್ರೊ ಬಿಎಂಎಕ್ಸ್’, ಸೈಕಲ್ ಸಾಹಸದ ಗೇಮ್. 2001ರಲ್ಲಿ ಮೊದಲ ಪ್ಲೇಸ್ಟೇಷನ್‌ಗೆ (ಪಿಎಸ್1) ಬಂದ ಆಟ. ಧೂಳು ಒರೆಸಿ ಹಾಕಿದೆ, ಓಡಿತು!

ಈಗ ಬಿಡೋಕೇ ಆಗುತ್ತಿಲ್ಲ. ಒಂದು ಸುತ್ತಿಗೆ ಎರಡೇ ನಿಮಿಷ. ರ‍್ಯಾಂಪಿನಿಂದ ಹಾರಿ, ಗಾಳಿಯಲ್ಲೇ ಸೈಕಲ್ ತಿರುಗಿಸಿ, ಇಳಿಯುವಾಗ ಚಕ್ರ ಸ್ವಲ್ಪ ಓರೆಯಾದರೂ ಸವಾರ ದಬಕ್ಕನೆ ಬೀಳುತ್ತಾನೆ. ಕಾಂಬೊ (ಒಂದರ ಹಿಂದೆ ಒಂದು ಮಾಡಿದ ಸಾಹಸಗಳ) ಪಾಯಿಂಟೆಲ್ಲ ನೀರಿಗೆ ಹೋದ ಹಾಗೆ. ನಾನಂತೂ ಹತ್ತರಲ್ಲಿ ಎಂಟು ಸಲ ಬೀಳುತ್ತೇನೆ, ಅದು ಬೇರೆ ಮಾತು.

ತೊಂದರೆ ಏನೆಂದರೆ ಸೇವ್ ಆಗುತ್ತಿಲ್ಲ. ನನ್ನ ಹತ್ತಿರ ಇರುವುದು ಪಿಎಸ್2ರ 8 ಎಂಬಿ ಮೆಮೊರಿ ಕಾರ್ಡ್. ಪಿಎಸ್1 ಗೇಮ್ ಅದರ ಮೇಲೆ ನೇರವಾಗಿ ಸೇವ್ ಆಗುವುದಿಲ್ಲ, ಹಳೆಯ 15 ಬ್ಲಾಕಿನ (ಸೇವ್ ಇಡುವ 15 ಜಾಗದ) ಪಿಎಸ್1 ಕಾರ್ಡೇ ಬೇಕು ಅಂತ ಆಮೇಲೆ ಗೊತ್ತಾಯಿತು. ಅಷ್ಟರಲ್ಲಿ ಎರಡು ಭಾನುವಾರದ ಆಟ ಹೋಯಿತು. ಈಗ ಆಫ್ ಮಾಡೋಕೇ ಭಯ. ರಾತ್ರಿಯಿಡೀ ಆನ್ ಇಟ್ಟು ಅಮ್ಮನ ಹತ್ತಿರ ಬೈಸಿಕೊಂಡೆ.

ಎಸ್.ಪಿ. ರಸ್ತೆಯಲ್ಲಿ ನಾಲ್ಕು ಅಂಗಡಿ ಕೇಳಿದೆ. ಒಬ್ಬರು ಮೊಬೈಲಿನ ಮೆಮೊರಿ ಕಾರ್ಡ್ ತೋರಿಸಿದರು!

ಬೆಂಗಳೂರಿನಲ್ಲಿ ಯಾರ ಹತ್ತಿರವಾದರೂ ಪಿಎಸ್1 ಕಾರ್ಡ್ ಸುಮ್ನೆ ಬಿದ್ದಿದೆಯಾ? ಕೊಂಡುಕೊಳ್ಳುತ್ತೇನೆ. ಬೇರೆ ಕಂಪನಿಯ ಕಾರ್ಡ್ ಬಳಸಿದವರು ಅದು ಎಷ್ಟು ದಿನ ಬಾಳಿತು ಅಂತಲೂ ಹೇಳಿ. ಹಾಗೇ ‘ಡೇವ್ ಮಿರ್ರಾ ಫ್ರೀಸ್ಟೈಲ್ ಬಿಎಂಎಕ್ಸ್ 2’ರ ಪಿಎಸ್2 ಡಿಸ್ಕ್ ಇದ್ದರೆ ಅದನ್ನೂ ತಿಳಿಸಿ. ಅದಾದರೆ ನನ್ನ ಕಾರ್ಡೇ ಸಾಕು, ಅಲ್ವಾ?